ಮಾವ ವಿಚಾರಿಸಿದ ರೊಮೇನಿಯಾದ ಊರು

ರೊಮೇನಿಯಾ ದೇಶದ ಸ್ಟೆಜರೇನಿ ಎಂಬ ಪುಟ್ಟ ಊರಿನ ಬಗ್ಗೆ ನಮ್ಮ ಸೋದರಮಾವನಿಗೆ ಗೊತ್ತಿರುವಷ್ಟು ಆ ಊರಿನ ಮೇಯರಿಗೂ ಗೊತ್ತಿರಲಾರದು. ಚರ್ಚಿನ ಪಕ್ಕದ ಚರಂಡಿ ಎಲ್ಲಿ ಒಡೆದಿದೆ, ಸ್ಟೇಷನ್ ರಸ್ತೆಯಲ್ಲಿ ಯಾರ ಕಾಂಪೌಂಡು ಸುಣ್ಣ ಕಂಡಿಲ್ಲ, ಯಾರ ಅಂಗಳದಲ್ಲಿ ಸೌದೆ ನೀಟಾಗಿ ಒಟ್ಟಿದೆ, ಏನು ಬೇಕಾದರೂ ಕೇಳಿ, ಹೇಳುತ್ತಾರೆ! ಅಂದ ಹಾಗೆ ಮಾವ ರೊಮೇನಿಯಾಕ್ಕೆ ಹೋಗಿಲ್ಲ. ಅವರು ವಿಮಾನ ನೋಡಿರುವುದು ಕುರಿ ಮೇಯಿಸುವಾಗ, ಕೆಳಗಿನಿಂದ. ಕಬ್ಬಾಳಿನ ಹತ್ತಿರದ ತಮ್ಮ ಹಳ್ಳಿ ಬಿಟ್ಟರೆ ಅವರಿಗೆ ಬೆಂಗಳೂರೇ ಪರದೇಶ.

ಇದೆಲ್ಲ ಹೇಗಾಯಿತು ಎಂದು ತಿಳಿಯಬೇಕಾದರೆ ಮಾವನ ನಿಜವಾದ ವೃತ್ತಿ ನಿಮಗೆ ಗೊತ್ತಿರಬೇಕು. ಕುರಿ, ರಾಗಿ, ಹೊಲ ಎಲ್ಲಾ ಹೆಸರಿಗೆ. ಅವರ ಅಸಲಿ ಕಸುಬು ಊರು ವಿಚಾರಿಸುವುದು! ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹಿರಿಯರೊಬ್ಬರು ಗುಟ್ಟಾಗಿ ಗಂಡಿನ ಊರಿಗೆ ಹೋಗಿ, ಟೀ ಅಂಗಡಿಯಲ್ಲಿ ಕೂತು, ಕ್ಷೌರದಂಗಡಿಯಲ್ಲಿ ಗಡ್ಡ ಕೊಟ್ಟು, ಆ ಮನೆಯವರು ಎಂಥವರು ಎಂದು ತಿಳಿದುಕೊಂಡು ಬರುತ್ತಾರೆ. ನಮ್ಮ ನೆಂಟರಿಷ್ಟರಲ್ಲಿ ಈ ಕೆಲಸ ಮಾವನದೇ. ಕನಕಪುರದಿಂದ ಮಾಗಡಿಯವರೆಗೆ ಅವರು ವಿಚಾರಿಸದ ಊರಿಲ್ಲ. ಒಂದೊಂದು ಸಂಬಂಧಕ್ಕೂ ಒಂದೊಂದು ವೇಷ!

ಸೋಲೂರಿನ ಕಡೆಯ ಗಂಡೊಂದನ್ನು ವಿಚಾರಿಸಲು ತೆಂಗಿನಕಾಯಿ ವ್ಯಾಪಾರಿಯಾಗಿ ಹೋಗಿದ್ದರು. ವಾಪಸು ಬಂದಾಗ ಹೆಗಲ ಮೇಲೆ ಒಂದು ಮೂಟೆ ಕಾಯಿ, ಮುಖದ ಮೇಲೆ ಸಿಡುಕು. "ಆಗಾಕಿಲ್ಲ" ಅಂದರು. ಯಾಕೆ? ಹುಡುಗ ಕುಡಿಯುತ್ತಾನಾ? ಜೂಜಾ? "ಅದೇನೂ ಇಲ್ಲ. ಅವ್ರ ಮನೆ ನಾಯಿ ಯಜಮಾನನ್ನ ಕಂಡ್ರೆ ಮಂಚದಡೀಕೆ ನುಗ್ತದೆ. ನಮ್ಮುಡುಗಿ ಎಲ್ಲಿಗೆ ನುಗ್ತಾಳೆ?" ಸಂಬಂಧ ಅಲ್ಲಿಗೇ ಮುರಿಯಿತು. ಕಾಯಿ ಮಾತ್ರ ಮನೆಯಲ್ಲಿ ಬಹಳ ದಿನ ಚಟ್ನಿಯಾಯಿತು.

ಮಾಗಡಿ ಹತ್ತಿರದ ಇನ್ನೊಂದು ಊರಿಗೆ ಕುರಿ ಕಳೆದುಕೊಂಡವನ ವೇಷ. ಗಂಡಿನ ಮನೆ ಬಾಗಿಲಲ್ಲೇ ನಿಂತು "ಒಂದು ಕರಿ ಕುರಿ ಈ ಕಡೀಕೆ ಬಂತಾ?" ಎಂದು ಅಳುಮುಖ ಮಾಡಿದ್ದಾರೆ. ಆ ಮನೆಯವರೋ ಪಾಪ, ಇವರಿಗೆ ಊಟ ಹಾಕಿ, ಬ್ಯಾಟರಿ ಹಿಡಿದು, ಹೊಲ ಹಳ್ಳ ಎಲ್ಲಾ ಸುತ್ತಿದ್ದಾರೆ. ಮಾವ ಬಂದವರೇ ತೀರ್ಪು ಕೊಟ್ಟರು: "ಇಲ್ದಿರೋ ಕುರೀಗೆ ಕತ್ಲಾಗೋಗಂಟ ಅಲೆದ್ರು. ಇರೋ ಹುಡುಗೀನ ಬುಟ್ಟಾರಾ? ಕಣ್ಮುಚ್ಕಂಡು ಕೊಡ್ಬೋದು." ಹಾಗೆ ಕಣ್ಣು ಮುಚ್ಚಿಕೊಂಡು ಕೊಟ್ಟದ್ದು ನನ್ನನ್ನೇ! ನಮ್ಮತ್ತೆ ಇವತ್ತಿಗೂ ಕೇಳುತ್ತಾರೆ: "ಅಲ್ಲಾ ಕಣಮ್ಮಿ, ನಿಮ್ಮ ಮಾವಂಗೆ ಆ ಕುರಿ ಸಿಕ್ತಾ?"

ಇಂಥ ಮಾವನಿಗೆ ಭಾಗ್ಯ ಒಬ್ಬಳೇ ಮಗಳು. ಚಿಕ್ಕವಳಿದ್ದಾಗಲೇ ತಾಯಿಯನ್ನು ಕಳೆದುಕೊಂಡವಳು, ಅಪ್ಪ, ಅಣ್ಣ, ಅತ್ತಿಗೆಯ ನಡುವೆ ಬೆಳೆದವಳು. ಹಾರೋಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ. ಅಲ್ಲಿಗೆ ಹೊಸ ಮಿಷನ್ ಕೂರಿಸಲು ಮಿಹಾಯ್ ಎಂಬ ರೊಮೇನಿಯಾದ ಹುಡುಗ ಬಂದ. ಮಿಷನ್ ಕೂತಿತು, ಹುಡುಗನ ಮನಸ್ಸೂ ಇಲ್ಲೇ ಕೂತಿತು. ಭಾಗ್ಯ ಒಂದು ದಿನ ಧೈರ್ಯ ಮಾಡಿ ಅಪ್ಪನಿಗೆ ಹೇಳಿಯೇಬಿಟ್ಟಳು. ಮದುವೆಯಾದರೆ ಅವನ ಊರಿಗೆ ಹೋಗಬೇಕಾಗುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಒಂದು ಮಾತು ಸೇರಿಸಿದಳು: "ನೀನು ವಿಚಾರಿಸಿ ಹೂಂ ಅನ್ನು ಅಪ್ಪ. ಊಹೂಂ ಅಂದ್ರೆ ನಾನು ಹೋಗಲ್ಲ."

ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದರಂತೆ. ಮಾವ ಕೂಗಾಡುತ್ತಾರೆ, ಟವಲ್ ಕೊಡವಿ ಎದ್ದು ಹೋಗುತ್ತಾರೆ ಎಂದು. ಮಾವ ಕೇಳಿದ್ದು ಒಂದೇ: "ಊರು ಯಾವ್ದು?"

ಮರುದಿನ ಬೆಳಿಗ್ಗೆ ರಾಮನಗರದ ನಮ್ಮ ಮನೆ ಬಾಗಿಲಲ್ಲಿ ಹಾಜರು! ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಡಂ. ಆದ್ದರಿಂದ ಪ್ರಪಂಚದ ಎಲ್ಲ ಊರುಗಳೂ ನನ್ನ ಸುಪರ್ದಿಯಲ್ಲಿವೆ ಎಂಬುದು ಮಾವನ ನಂಬಿಕೆ.

"ಸ್ಟೆಜರೇನಿ ಗೊತ್ತೇನಮ್ಮಿ?"

"ಇಲ್ಲ ಮಾವ."

"ಮತ್ತೆ ಮಕ್ಕಳಿಗೆ ಏನೇಳ್ಕೊಡ್ತೀಯ?"

ಮಾನ ಉಳಿಸಿಕೊಳ್ಳಲು ಫೋನಿನ ಮ್ಯಾಪ್ ತೆಗೆದು, ಆ ಊರಿನ ಬೀದಿಗಳ ಫೋಟೋಗಳನ್ನು ತೋರಿಸಿದೆ. ಬೆರಳಲ್ಲಿ ಒತ್ತಿದರೆ ಬೀದಿಯಲ್ಲಿ ಮುಂದೆ ಮುಂದೆ ಹೋಗುತ್ತದಲ್ಲ, ಅದು. ಅಯ್ಯೋ, ಯಾಕಾದರೂ ತೋರಿಸಿದೆನೋ! ಅವತ್ತಿನಿಂದ ಮಾವ ದಿನಾ ಸಂಜೆ ಸ್ಟೆಜರೇನಿಯಲ್ಲಿ ವಾಕಿಂಗ್ ಹೊರಟರು. ಮೊದಲು ನನ್ನ ಫೋನಿನಲ್ಲಿ, ಆಮೇಲೆ ಮಗನ ಫೋನು ಕಿತ್ತುಕೊಂಡು. ಬೀದಿ ನೋಡುತ್ತಾ ನೋಡುತ್ತಾ ಹಳ್ಳಿಯಿಂದ ನನಗೆ ವರದಿ.

"ಕಮ್ಮಿ ಜನ ಅಲ್ಲ ಕಣಮ್ಮಿ ಇವ್ರು. ಸೌದೆ ಒಟ್ಟವ್ರೆ ನೋಡು, ದಾರ ಹಿಡಿದಂಗೈತೆ. ಆದ್ರೆ ಚರ್ಚಿನ ಪಕ್ಕ ಬೆಂಚಲ್ಲಿ ಒಬ್ಬ ಮುದುಕ ಅವ್ನೆ. ಮೂರ್ನಾಕು ದಿನದಿಂದ ನೋಡ್ತಾ ಇವ್ನಿ, ಎದ್ದೇ ಇಲ್ಲ! ಸೋಮಾರಿ."

"ಮಾವ, ಅದು ಫೋಟೋ. ಯಾವಾಗಲೋ ತೆಗೆದದ್ದು. ಅವನು ಎದ್ದು ಹೋಗಿ ಬಹಳ ಕಾಲವಾಗಿದೆ."

"ಪೋಟೋ ಅಂತ ನಂಗೂ ಗೊತ್ತು. ಪಕ್ಕದ್ಮನೆ ಹೆಂಗಸು ಅದೇ ಪೋಟೋದಲ್ಲಿ ಬಟ್ಟೆ ಒಣಗಾಕ್ತಾವ್ಳೆ. ಪೋಟೋ ತೆಗೆಯೋ ಹೊತ್ತಲ್ಲೂ ಕೆಲಸ ಮಾಡೋಳು ಅವ್ಳು, ಕೂತಿರೋನು ಇವ್ನು. ಅಷ್ಟು ಸಾಕು."

ಇದಕ್ಕೆ ನೀವೇನಾದರೂ ಉತ್ತರ ಕೊಡಬಲ್ಲಿರಾ? 

ಆಮೇಲೆ ಆ ಊರಿನ ಬಗ್ಗೆ ಇಂಟರ್ನೆಟ್ಟಿನಲ್ಲಿದ್ದ ಪುಟವನ್ನು ಓದಿ ಹೇಳುವ ಶಿಕ್ಷೆ ನನ್ನ ಪಾಲಿಗೆ ಬಂತು. ಊರ ಹಿಂದೆ ಬೆಟ್ಟ, ಬೆಟ್ಟದ ಮೇಲೆ ಮುರುಕು ಕೋಟೆ. "ಕಬ್ಬಾಳು ಬೆಟ್ಟಕ್ಕಿಂತ ಎತ್ರನಾ?" ಅಲ್ಲ, ಗಿಡ್ಡ. "ಹೋಗ್ಲಿ ಬುಡು, ಬೆಟ್ಟ ಅಂತ ಒಂದೈತಲ್ಲ." ಸುತ್ತಮುತ್ತ ಪ್ಲಮ್ ಹಣ್ಣಿನ ತೋಟ, ಆ ಹಣ್ಣಿನಿಂದ ಮನೆಮನೆಯಲ್ಲೂ ಕಾಯಿಸುವ ಸಾರಾಯಿ. "ಊಂ" ಎಂದರು ಮಾವ. ಆ ಊಂನಲ್ಲಿ ಆಕ್ಷೇಪಣೆಯೂ ಇತ್ತು, ಒಸಿ ಕುತೂಹಲವೂ ಇತ್ತು.

ಕೊನೆಯಲ್ಲಿ ಆ ಊರಿನಲ್ಲಿ ಹುಟ್ಟಿದ ಗಣ್ಯರು. ಮಾವ ಚಕ್ಕಳಮಕ್ಕಳ ಹಾಕಿ ಕೂತರು. ಒಬ್ಬ ಕುಸ್ತಿ ಪೈಲ್ವಾನ. "ಒಳ್ಳೇದು." ವಿಮಾನ ಕಟ್ಟಿದವನೊಬ್ಬ, ವಿಮಾನ ಹಾರಲಿಲ್ಲ. "ಆರ್ದಿದ್ರೇನು, ಕಟ್ದನಲ್ಲ!" ಹಳೇ ಕಾಲದಲ್ಲಿ ಗಲ್ಲಿಗೇರಿದ ಒಬ್ಬ ದರೋಡೆಕೋರ. "ಅದು ಎಲ್ಲಾ ಊರಲ್ಲೂ ಇದ್ದದ್ದೇ. ನಮ್ಮೂರೋರ್ನ ಇನ್ನೂ ಗಲ್ಲಿಗಾಕಿಲ್ಲ, ಅಷ್ಟೇಯ." ಮಿಕ್ಕವರೆಲ್ಲ ಕವಿಗಳು. ಒಬ್ಬರಾದ ಮೇಲೆ ಒಬ್ಬರು, ಸಾಲಾಗಿ ಕವಿಗಳು! ಮಾವನ ಮುಖ ಕಪ್ಪಿಟ್ಟಿತು.

"ಇಷ್ಟೊಂದು ಜನವಾ? ನೀರಲ್ಲೇ ಏನೋ ಐತೆ. ಹುಡುಗ ಬರೀತಾನಾ ಕೇಳಮ್ಮಿ."

ಭಾಗ್ಯಳಿಗೆ ಫೋನ್ ಮಾಡಿದೆ. ಇಲ್ಲ, ಹುಡುಗ ಮಿಷನ್ ಬಿಟ್ಟರೆ ಬೇರೇನೂ ಮುಟ್ಟುವುದಿಲ್ಲ ಎಂದಳು. ಮಾವ ನಿಟ್ಟುಸಿರು ಬಿಟ್ಟರು.

ಇನ್ನೊಂದು ಸಂಗತಿ ಅವರನ್ನು ಪೂರ್ತಿ ಕರಗಿಸಿತು. ಆ ಜನ ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ, ಕೋಲಿನಿಂದ ತಿರುವಿ, ಮುದ್ದೆ ಮಾಡಿ ಉಣ್ಣುತ್ತಾರೆ ಎಂದು ಓದಿದೆ. ಮಾವ ಎದ್ದು ನಿಂತುಬಿಟ್ಟರು. "ಕೋಲಲ್ಲೇ ತಿರುವ್ತಾರಾ? ಇನ್ನೊಂದ್ಸಲ ಓದು!" ಓದಿದೆ. "ಹಿಟ್ಟುಣ್ಣೋ ಜನ ಕಣಮ್ಮಿ! ಮೊದ್ಲೇ ಹೇಳಕ್ಕಾಗಲ್ವಾ?" ಅವತ್ತು ನಮ್ಮ ಮನೆಯಲ್ಲಿ ಒಂದು ಮುದ್ದೆ ಜಾಸ್ತಿ ಉಂಡು ಹೋದರು.

ಇಷ್ಟಾದರೂ ತೀರ್ಪು ಬರಲಿಲ್ಲ. ಊರು ಗೊತ್ತಾಯಿತು, ಮನೆ ಗೊತ್ತಾಗಬೇಡವೇ? ಮಾವನ ಶಾಸ್ತ್ರದ ಪ್ರಕಾರ ಮನೆಯ ವಿಷಯ ಗೊತ್ತಿರುವುದು ಊರಿನ ಕ್ಷೌರಿಕನಿಗೆ. ಮ್ಯಾಪಿನಲ್ಲಿ ಸ್ಟೆಜರೇನಿಯ ಕ್ಷೌರದಂಗಡಿ ಇತ್ತು, ಫೋನ್ ನಂಬರೂ ಇತ್ತು. ಭಾಷಾಂತರ ಮಾಡುವ ಆ್ಯಪ್ ನನ್ನ ಫೋನಿನಲ್ಲಿತ್ತು. ತಪ್ಪಿಸಿಕೊಳ್ಳಲು ನನಗೆ ದಾರಿಯೇ ಇರಲಿಲ್ಲ.

"ರಾಮನಗರದ ಕುರಿ ವ್ಯಾಪಾರಿ ಅಂತ ಹೇಳು" ಎನ್ನುತ್ತಾ ಮಾವ ಟವಲನ್ನು ರುಮಾಲು ಸುತ್ತತೊಡಗಿದರು.

"ಮಾವ, ಇದು ಬರೀ ಮಾತಿನ ಫೋನು. ಅವರಿಗೆ ನಿಮ್ಮ ಮುಖ ಕಾಣಲ್ಲ."

"ಅವ್ರಿಗೆ ಕಾಣ್ದಿದ್ರೆ ಬುಡು. ನಾನು ಕುರಿ ವ್ಯಾಪಾರಿ ಅಂತ ನಂಗೆ ಕಾಣ್ಬೇಕಲ್ಲ!"

ಕ್ಷೌರಿಕ ಸಿಕ್ಕಿದ. ಮಾವ ಕನ್ನಡದಲ್ಲಿ ಕೂಗಿದ್ದನ್ನು ಆ್ಯಪಿನ ಹೆಂಗಸು ರೊಮೇನಿಯನ್ನಿನಲ್ಲಿ ತಣ್ಣಗೆ ಹೇಳಿದಳು. ಯಾವ ಕುರಿ ಬೇಕು ಎಂದು ಅವನು ಕೇಳಿದ. ಅವನ ಹಿತ್ತಲಿನಲ್ಲೂ ಕುರಿಗಳಿದ್ದವು! ಮುಗಿಯಿತು. ಗೊರಸು ಕೊಳೆತರೆ ಏನು ಹಚ್ಚುತ್ತೀರಿ, ಮಳೆಗಾಲದಲ್ಲಿ ಮರಿ ಸತ್ತರೆ ಏನು ಮಾಡುತ್ತೀರಿ, ಅಲ್ಲಿ ತೋಳದ ಕಾಟವಂತೆ, ಇಲ್ಲಿ ಚಿರತೆ ಕಾಟ. ಇಬ್ಬರೂ ಒಬ್ಬರಿಗೊಬ್ಬರು "ಅಯ್ಯೋ ಪಾಪ" ಎಂದುಕೊಂಡರು. ನನ್ನ ಕೈ ಸೋತು ಫೋನ್ ಇಟ್ಟಾಗ ಮಾವನ ಮುಖ ಅರಳಿತ್ತು.

"ಹುಡುಗನ ಮನೆ ವಿಷಯ?" ಎಂದೆ.

"ಥತ್! ಮರ್ತೇಬುಟ್ಟೆ!"

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ನಾನು ಎಂಟನೇ ಕ್ಲಾಸಿನಲ್ಲಿರುವಾಗ ವಿಡಿಯೋ ಕರೆ ಬಂತು. ಎತ್ತಿದರೆ ಟೋಪಿ ಹಾಕಿದ ಒಬ್ಬ ಕುರುಬ, ಅವನ ಹಿಂದೆ ಗುಡ್ಡದ ತುಂಬಾ ಕುರಿ. ಒಂದೊಂದನ್ನೇ ಕೊರಳು ಹಿಡಿದು ನನಗೆ ತೋರಿಸುತ್ತಿದ್ದಾನೆ! ಭಾರತದಿಂದ ದೊಡ್ಡ ವ್ಯಾಪಾರಿ ಬರುತ್ತಾನೆಂದು ಕ್ಷೌರಿಕ ನನ್ನ ನಂಬರಿನ ಸಮೇತ ಸುದ್ದಿ ಹಂಚಿದ್ದ. ಸ್ಟೆಜರೇನಿಗೆ ಸ್ಟೆಜರೇನಿಯೇ ಕುರಿ ತೊಳೆಯಲು ಶುರುಮಾಡಿತ್ತು. ಈ ಸುದ್ದಿಯನ್ನು ಮಿಹಾಯನ ತಾಯಿ ಮಗನಿಗೆ ಹೇಳಿದರು, ಮಗ ಭಾಗ್ಯಳಿಗೆ ಹೇಳಿದ. "ನಿಮ್ಮ ರಾಮನಗರದ ವ್ಯಾಪಾರಿಯಂತೆ, ಯಾರು ಗೊತ್ತಾ?" ಎಂದು ಪಾಪ ಸಂಭ್ರಮದಿಂದ ಕೇಳಿದನಂತೆ. ಅವಳಿಗೆ ಗೊತ್ತಾಗದೆ ಇರುತ್ತದೆಯೇ?

ಸಂಜೆ ಹಾರೋಹಳ್ಳಿಯಿಂದ ನೇರವಾಗಿ ನಮ್ಮ ಮನೆಗೆ ಬಂದಳು. ಮಾವ ಅಲ್ಲೇ ಇದ್ದರು, ಫೋನ್ ಹಿಡಿದು ಸ್ಟೆಜರೇನಿಯ ಸ್ಟೇಷನ್ ರಸ್ತೆಯಲ್ಲಿ ವಾಕಿಂಗಿನಲ್ಲಿ.

"ಅಪ್ಪಾ, ಹುಡುಗ ಇಲ್ಲೇ ಅವ್ನೆ. ಏನು ಬೇಕೋ ಅವನನ್ನೇ ಕೇಳಬಾರದಾ?"

"ಹುಡುಗುನ್ನ ಕೇಳುದ್ರೆ ಒಳ್ಳೇದೇ ಹೇಳ್ತಾನೆ. ಅದು ವಿಚಾರಣೆ ಆಯ್ತದಾ?"

"ಮತ್ತೆ ನಿಂಗೆ ಏನು ಗೊತ್ತಾಗ್ಬೇಕು ಹೇಳು. ಬೆಟ್ಟ ನೋಡ್ದೆ, ಬೀದಿ ನೋಡ್ದೆ, ಸತ್ತ ಕವಿಗಳನ್ನೂ ಬಿಡ್ಲಿಲ್ಲ. ಇನ್ನೂ ಏನು?"

 ಮಾತಿಗೆ ಎಂದೂ ಬರವಿಲ್ಲದ ಮನುಷ್ಯ ಸುಮ್ಮನೆ ಫೋನಿನ ಮೇಲೆ ಬೆರಳಾಡಿಸುತ್ತಾ ಕೂತರು. ಭಾಗ್ಯ ಅಳು ತಡೆದುಕೊಂಡು ಒಳಗೆ ಹೋದಳು. ನನಗೆ ಮೊದಲ ಸಲ ಹೆದರಿಕೆಯಾಯಿತು. ಈ ತಮಾಷೆಯೆಲ್ಲ ಕೊನೆಗೆ ಊಹೂಂ ಅನ್ನಲು ಹುಡುಕುತ್ತಿರುವ ನೆವವೇ ಇರಬಹುದೇ?

ಮುಂದಿನ ಭಾನುವಾರ ಮಿಹಾಯ್ ತಾನೇ ಮಾವನ ಹಳ್ಳಿಗೆ ಬಂದ. ತಾಯಿಯನ್ನು ವಿಡಿಯೋದಲ್ಲಿ ಮಾತಾಡಿಸುತ್ತೇನೆ, ಏನು ಬೇಕಾದರೂ ನೇರವಾಗಿ ಕೇಳಲಿ ಎಂದ. ನನ್ನನ್ನೂ ಕರೆಸಿದ್ದರು. ಫೋನನ್ನು ಒಂದು ಚೊಂಬಿಗೆ ಒರಗಿಸಿ ಇಟ್ಟೆವು. ತಲೆಗೆ ಬಟ್ಟೆ ಕಟ್ಟಿದ ಗುಂಡುಮುಖದ ಹೆಂಗಸು ಅಡುಗೆಮನೆಯಲ್ಲಿ ಕೂತಿದ್ದರು. ಇತ್ತ ನಾವು ಸಾಲಾಗಿ ಕೂತೆವು, ನಡುವೆ ಭಾಗ್ಯ.

ಈಗ ಸುರುವಾಗುತ್ತದೆ ಎಂದು ಕಾದೆವು. ಜಮೀನು ಎಷ್ಟು, ನಾಯಿ ಹೇಗೆ, ನೀರು ಎಂಥದು! ಆದರೆ ವೇಷ ಹಾಕದೆ ಊರು ವಿಚಾರಿಸಿ ಮಾವನಿಗೆ ಅಭ್ಯಾಸವೇ ಇಲ್ಲ. ಬರೀ ತಾವಾಗಿ ಕೂತು ಕಕ್ಕಾಬಿಕ್ಕಿಯಾಗಿದ್ದರು. ಕೊನೆಗೆ ಮಿಹಾಯನ ಕಡೆ ತಿರುಗಿದರು.

"ನಿಮ್ಮವ್ವಂಗೆ ಹೇಳಪ್ಪ. ನನ್ನ ಮಗ್ಳು ಜ್ವರ ಬಂದ್ರೆ ಯಾರ್ಗೂ ಹೇಳಲ್ಲ. ಗ್ವಾಡೆ ಕಡೀಕೆ ತಿರುಗಿ ಮಲೀಕಂಡುಬುಡ್ತಾಳೆ. ಅವಳವ್ವ ಹೋದಾಗಿಂದ ಅಂಗೇ. ನಾವಾಗೇ ಹೋಗಿ ಹಣೆ ಮುಟ್ಟಿ ನೋಡ್ಬೇಕು. ನಿಮ್ಮೂರೆಲ್ಲಾ ನೋಡ್ದೆ, ಚೆಂದಾಗೈತೆ. ಆ ಮನೇಲಿ ಹಣೆ ಮುಟ್ಟಿ ನೋಡೋರು ಯಾರು ಅಂತ ಮಾತ್ರ ಫೋನಲ್ಲಿ ಕಾಣ್ಲಿಲ್ಲ."

 ನಾನೇ ಇಂಗ್ಲಿಷಿನಲ್ಲಿ ಮಿಹಾಯ್‌ಗೆ ತಿಳಿಸಿ ಹೇಳಿದೆ.  ಅವನು ತನ್ನ ಭಾಷೆಯಲ್ಲಿ ತಾಯಿಗೆ ಹೇಳಿದ, ನಡುವೆ ಎರಡು ಸಲ ನಿಂತ.

ಆ ಹೆಂಗಸು ಎದ್ದು ಫೋನಿನ ಹತ್ತಿರ ಬಂದರು. ಅವರ ಕೈ ನಮ್ಮ ಕಡೆ ಚಾಚಿತು, ದೊಡ್ಡದಾಯಿತು, ಸ್ಕ್ರೀನ್ ಪೂರ್ತಿ ಮಬ್ಬಾಯಿತು.

"ನೆಟ್‌ವರ್ಕ್ ಹೋಯ್ತು" ಎಂದು ಭಾಗ್ಯಳ ಅಣ್ಣ ಫೋನ್ ಎತ್ತಿಕೊಳ್ಳಲು ಬಗ್ಗಿದ. ಮಾವ ಅವನ ಕೈ ಹಿಡಿದು ತಡೆದರು. ಆ ಮಬ್ಬಿನಲ್ಲಿ ಅಂಗೈ ಗೆರೆಗಳು ಕಾಣುತ್ತಿದ್ದವು. ಆ ತಾಯಿ ತನ್ನ ಫೋನಿನಲ್ಲಿ ಕಾಣುತ್ತಿದ್ದ ಭಾಗ್ಯಳ ಹಣೆಯ ಮೇಲೆ ಕೈಯಿಟ್ಟಿದ್ದರು. ಇಟ್ಟ ಕೈಯನ್ನು ಅವಸರದಲ್ಲಿ ತೆಗೆಯಲಿಲ್ಲ.

ಭಾಗ್ಯ ಬಿಕ್ಕುತ್ತಿದ್ದಳು. ಮಾವ ಮಗಳ ಕಡೆ ತಿರುಗಿದರು.

"ಜ್ವರ ಇಲ್ವಂತೆ ಕಣಮ್ಮಿ" ಅಂದರು. ಆಮೇಲೆ ಟವಲಿನಲ್ಲಿ ಮುಖ ಒರೆಸಿಕೊಂಡು, "ಹೂಂ ಅಂತ ಹೇಳಪ್ಪ ಅವ್ರಿಗೆ" ಎಂದು ಕುರಿಗಳ ಕಡೆ ಎದ್ದು ಹೋದರು.