ಪೀಪಿ ಮಾಸ್ತರರ ಹನ್ನೊಂದು ಮಂದಿ

ತಂಡಕ್ಕೆ ಇಬ್ಬರು ಕಡಿಮೆಯಾದದ್ದೇ ಎಲ್ಲಕ್ಕೂ ಮೂಲ. ಹುಡುಗಿಯರ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಆಡಿದವರನ್ನು ಒಂದು ಸಂಸ್ಥೆ ಕಾಲೇಜಿನವರೆಗೆ ಓದಿಸಲಿತ್ತು. ಸಂಜೆ ಐದರೊಳಗೆ ಹನ್ನೊಂದು ಹೆಸರು, ತಂದೆಯರ ಸಹಿಯಾದ ಹನ್ನೊಂದು ಒಪ್ಪಿಗೆ ಪತ್ರ ಸಲ್ಲಿಸಬೇಕು. ಬೀದಿಯವರೆಲ್ಲ ಪೀಪಿ ಮಾಸ್ತರರೆಂದು ಕರೆಯುವ ಡ್ರಿಲ್ ಮಾಸ್ತರರಿಗೆ ಸಿಕ್ಕಿದ್ದು ಒಂಬತ್ತು. ಇನ್ನಿಬ್ಬರು ಸಿಗದಿದ್ದರೆ ಆ ಒಂಬತ್ತು ಮಕ್ಕಳ ಓದಿಗೂ ಕಲ್ಲು ಬಿದ್ದಂತೆ.

ಬೆಳಗಿನಿಂದ ಮನೆಮನೆ ಅಲೆದರು. ಸಮಾನತೆಯ ಮೇಲೆ ಅವರು ಮಾಡಿದ ಭಾಷಣ ಕೇಳಿ ಒಬ್ಬಾತ ಕಣ್ಣೊರೆಸಿಕೊಂಡು ಬಾಗಿಲು ಹಾಕಿಕೊಂಡ. ಇನ್ನೊಬ್ಬಾಕೆ ಮೆಚ್ಚಿ, ಮಗನನ್ನು ಕರೆದುಕೊಂಡು ಹೋಗಿ ಎಂದಳು.

ನಾಲ್ಕು ಗಂಟೆಗೆ ಬಡಗಿಯ ಕೊಟ್ಟಿಗೆ. ಅವನ ಮಗಳು ಗೋಲಿನ ಮುಂದೆ ನಿಂತರೆ ಚಿಲಕ ಹಾಕಿದ ಬಾಗಿಲಿನಂತೆ. ಬಡಗಿ ಹಲಗೆ ನಯಮಾಡುವ ಉಜ್ಜುಗೊರಡು ನಿಲ್ಲಿಸದೆ ಎಲ್ಲ ಕೇಳಿಸಿಕೊಂಡ. ಪಕ್ಕದ ಇಸ್ತ್ರಿಯವನೂ ಕೆಲಸ ಬಿಟ್ಟು ಬಂದು ನಿಂತ.

“ನಿಮ್ಮ ಮಗಳು ಆಡ್ತಾಳಾ ಮಾಸ್ತರೇ?” ಎಂದ ಬಡಗಿ.

“ಅವಳು ಹೊಸ್ತಿಲು ದಾಟಿದ್ದನ್ನ ನಾನಂತೂ ನೋಡಿಲ್ಲಪ್ಪ” ಎಂದ ಇಸ್ತ್ರಿಯವನು.

ಮಾಸ್ತರರು ಮರದ ಹೊಟ್ಟು ನುಂಗಿದವರಂತೆ ಕೆಮ್ಮಿದರು. “ಆಡದೆ ಏನು? ಪಟ್ಟೀಲಿ ಮೊದಲ ಹೆಸರೇ ಅವಳದು.”

ಬಡಗಿ ಕಿವಿಯ ಮೇಲಿನ ಪೆನ್ಸಿಲು ಬದಿಗಿಟ್ಟು, ಪೆನ್ನು ಕೇಳಿ ಪಡೆದು ಸಹಿ ಹಾಕಿದ.

ಆಡಿದ ಸುಳ್ಳನ್ನು ನಿಜ ಮಾಡಲು ಮಾಸ್ತರರು ಏದುಸಿರು ಬಿಡುತ್ತ ಮನೆಗೆ ಓಡಿದರು. ಅಂಗಳದಲ್ಲಿ ಒಂಬತ್ತೂ ಹುಡುಗಿಯರು ಸಾಲಾಗಿ ನಿಂತಿದ್ದರು. ಮಗಳು ಚೆಂಡು ಹಿಡಿದಿದ್ದಳು.

“ಆಡ್ತೀಯೇನಮ್ಮಾ?” ಎಂದರು, ಜನ್ಮದಲ್ಲಿ ಮೊದಲ ಸಲ.

“ನನ್ನ ಹೆಸರು ಬರೆದು ವಾರ ಆಯ್ತಪ್ಪ. ಎಲ್ಲಿ ಸಹಿ ಹಾಕಬೇಕು ಅಂತ ಜನಕ್ಕೆ ತೋರಿಸೋಕೆ ಖಾಲಿ ಪತ್ರಕ್ಕೆ ಸಹಿ ಹಾಕಿದ್ರಲ್ಲ, ಅದನ್ನೇ ನನ್ನ ಒಪ್ಪಿಗೆ ಪತ್ರ ಮಾಡ್ಕೊಂಡೆ. ಬಡಗಿ ಮಾವಂದು ಒಂದೇ ಬಾಕಿ ಇತ್ತು, ಕೊಡಿ.”

ದೇವರು ದೊಡ್ಡವನೆಂದು ಮಾಸ್ತರರು ಮನಸ್ಸಿನಲ್ಲೇ ಕೈಮುಗಿದರು. ಮಗಳು ಬರೆದಿಟ್ಟಿದ್ದ ಪಟ್ಟಿ ಇಸಿದುಕೊಂಡು ಅದರ ತುದಿಯಲ್ಲಿ ತಮ್ಮ ಹೆಸರನ್ನು ಹುಡುಕಿದರು. ತರಬೇತುದಾರರ ಜಾಗದಲ್ಲಿ ಹೆಂಡತಿಯ ಹೆಸರಿತ್ತು.

“ಮದುವೆಗೆ ಮುಂಚೆ ಐದು ವರ್ಷ ಆಡಿದೀನಿ” ಎನ್ನುತ್ತ ಆಕೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. “ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಪಟ್ಟಿ ಕೊಟ್ಟು ಹಾಗೇ ಮೈದಾನಕ್ಕೆ ಹೋಗ್ತೀವಿ. ಹನ್ನೆರಡು ಜನ ಹಸ್ಕೊಂಡು ಬರ್ತೀವಿ, ಅಕ್ಕಿ ಡಬ್ಬ ಕೆಳಗಿನ ಗೂಡಲ್ಲಿದೆ.”