ಹೊಸ ಫೋಟೋ

ಎಲ್ಲಾ ಶುರುವಾದದ್ದು ಒಂದು ಫೋಟೋದಿಂದ. ಗುರುಗಳ ಲೈಸೆನ್ಸಿನಲ್ಲಿ ತಲೆತುಂಬ ಕೂದಲು, ಹುರಿಮೀಸೆ ಇದ್ದ ಯುವಕನೊಬ್ಬ ನಗುತ್ತಿದ್ದ. ಅವನಿಗೂ ಗುರುಗಳಿಗೂ ಈಗ ಯಾವ ಸಂಬಂಧವೂ ಉಳಿದಿರಲಿಲ್ಲ.

ಲಾರಿ ಓಡಿಸತೊಡಗಿ ಇಪ್ಪತ್ತೆರಡು ವರ್ಷ. ಊರಿನ ಅರ್ಧ ಡ್ರೈವರುಗಳಿಗೆ ಸ್ಟೇರಿಂಗ್ ಹಿಡಿಸಿದ್ದರಿಂದ ಗುರುಗಳೆಂದೇ ಹೆಸರು. ಅವರು ದುಡಿಯುತ್ತಿದ್ದ ಸಾರಿಗೆ ಕಂಪನಿ ಕೈ ಬದಲಾಗಿತ್ತು. ಹೊಸ ಯಜಮಾನರು ಹನ್ನೊಂದು ಪುಟದ ಒಪ್ಪಂದ ಕಳಿಸಿದ್ದರು. ಇವತ್ತು ಸಂಜೆ ಐದರೊಳಗೆ ಲೈಸೆನ್ಸ್ ತೋರಿಸಿ ಸಹಿ ಹಾಕಿದವರಿಗೆ ಲಾರಿ, ಉಳಿದವರಿಗೆ ನಮಸ್ಕಾರ.

ಬೆಳಿಗ್ಗೆಯೇ ಒಪ್ಪಂದ ಓದಿ ಹೇಳಲು ಬಾಮೈದ ಬಂದ. ಅವನೂ ಅಲ್ಲೇ ಡ್ರೈವರು, ಏಳು ವರ್ಷದ ಹಿಂದೆ ಗುರುಗಳ ಕೈಯಲ್ಲೇ ಕಲಿತವನು. ಮೊದಲ ದಿನ ಅವನನ್ನು ಪಕ್ಕದಲ್ಲಿ ಕೂರಿಸಿ, "ಬಾಯಿ ಮುಚ್ಕೊಂಡು ನನ್ನ ಕೈಕಾಲು ನೋಡ್ತಾ ಇರು" ಎಂದಿದ್ದರು.

"ನಾಲ್ಕನೇ ಷರತ್ತು ಕೇಳಿ ಭಾವ. ಲೈಸೆನ್ಸಿನ ಭಾವಚಿತ್ರ ಚಾಲಕನ ಮುಖಕ್ಕೆ ಹೊಂದಿಕೆಯಾಗತಕ್ಕದ್ದು. ನಿಮ್ದು ಹೊಂದುತ್ತಾ?"

ಗುರುಗಳು ಬೋಳುತಲೆ ಸವರಿಕೊಂಡರು. "ಮುಂದೆ ಓದೋ."

"ಮುಂದೆ ಬರೀ ಕಾನೂನು. ನೀವು ಮೊದ್ಲು ಎದ್ದೇಳಿ, ಹೊಸ ಕಾರ್ಡ್ ಮಾಡ್ಸೋಣ."

"ಇನ್ನೂ ಮೂರು ವರ್ಷ ನಡೆಯೋ ಲೈಸೆನ್ಸು ಕಣ್ರೀ," ಎಂದರು ಹೆಂಡತಿ. "ಇರಲಾರದೆ ಇರುವೆ ಬಿಟ್ಕೋಬೇಡಿ."

ಪಕ್ಕದ ಮನೆ ದರ್ಜಿ ಕಿಟಕಿಯಿಂದಲೇ ಕೈಚಾಚಿ ಲೈಸೆನ್ಸ್ ಇಸಿದುಕೊಂಡ. "ಅಕ್ಕಾ, ದಿನಾ ನೋಡೋ ನನಗೇ ಇದ್ಯಾರು ಅಂತ ಗೊತ್ತಾಗ್ತಿಲ್ಲ." ಅಷ್ಟು ಹೇಳಿ ಅವನೂ ಚಪ್ಪಲಿ ಮೆಟ್ಟಿದ.

ಲೈಸೆನ್ಸ್ ಕಚೇರಿಯ ಸಾಲಿನಲ್ಲಿ ಮಧ್ಯಾಹ್ನವಾಯಿತು. ಕಡೆಗೆ ಕ್ಯಾಮೆರಾ ಮುಂದೆ ಕೂತರೆ ಬೋಳುತಲೆಯ ಮೇಲೆ ದೀಪದ ಬೆಳಕು ಬಿದ್ದು ಹೊಳೆದು ಮುಖವೇ ಕಾಣಲಿಲ್ಲ. ಯಂತ್ರ ಮೂರು ಸಲ ಬೇಡವೆಂದಿತು. ಬಾಮೈದ ಕರ್ಚೀಫು ಹೊದಿಸಿದ. ತಲೆ ಮುಚ್ಚುವಂತಿಲ್ಲ ಎಂದರು. ಆಗ ದರ್ಜಿ ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಪುಡಿ ಮಾಡಿ, ಗುರುಗಳ ನೆತ್ತಿಗೆಲ್ಲ ಬಳಿದ. ಫೋಟೋ ಬಂತು. ಗುಮಾಸ್ತರು ಹೊಸ ಕಾರ್ಡ್ ಕೊಟ್ಟು, ಹಳೆಯದನ್ನು ಕತ್ತರಿಯಿಂದ ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಆ ಹುರಿಮೀಸೆ ಎರಡು ತುಂಡಾದದ್ದು ನೋಡಿ ಗುರುಗಳಿಗೆ ಯಾಕೋ ಸಂಕಟವಾಯಿತು.

ಕಂಪನಿ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ಬಾಮೈದ ಮುಂದೆ ನುಗ್ಗಿ ತನ್ನ ಸಹಿ ಹಾಕಿದ. ಕಚೇರಿಯ ಮೇಡಂ ಗುರುಗಳ ಕಾರ್ಡ್ ನೋಡಿದರು.

"ಫೋಟೋ ಚೆನ್ನಾಗಿದೆ. ಆದ್ರೆ ಒಂಬತ್ತನೇ ಷರತ್ತು ಓದಿಲ್ವಾ? ಕಾರ್ಡ್ ಕೊಟ್ಟ ತಾರೀಕಿಂದ ಐದು ವರ್ಷ ಆಗಿರ್ಬೇಕು. ಇದರ ಪ್ರಕಾರ ನೀವು ಡ್ರೈವರಾಗಿ ಎರಡು ಗಂಟೆ ಆಯ್ತು."

"ಇಪ್ಪತ್ತೆರಡು ವರ್ಷ ಆಯ್ತಮ್ಮ! ಹಳೇದು ಕತ್ತರಿಸಿಬಿಟ್ರು."

"ಅಯ್ಯೋ, ಅದನ್ನೇ ತರೋದಲ್ವಾ? ಫೋಟೋ ಯಾರು ನೋಡ್ತಾರೆ ಸಾರ್?" ಅವರ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು. "ಹತ್ತನೇ ಷರತ್ತಿನಲ್ಲಿ ಒಂದು ದಾರಿ ಇದೆ. ಒಂದು ವರ್ಷ ಹಿರಿಯ ಚಾಲಕರ ಪಕ್ಕ ಕೂತು ಕಲೀಬಹುದು."

ಗಡಿಯಾರ ಐದರ ಹತ್ತಿರ ಬಂದಿತ್ತು. ಗುರುಗಳು ನಿಂತಲ್ಲೇ ಹನ್ನೊಂದು ಪುಟದ ಮೇಲೂ ಸರಸರ ಕಣ್ಣಾಡಿಸಿ ಸಹಿ ಹಾಕಿದರು. ಜೋಡಿಯಿಲ್ಲದೆ ಉಳಿದ ಹಿರಿಯ ಚಾಲಕ ಒಬ್ಬನೇ ಇದ್ದ. ಗುರುಗಳ ಲಾರಿಯೂ ಅವನ ಪಾಲಿಗೇ ಬಂದಿತ್ತು.

ಅಂಗಳದಲ್ಲಿ ಗುರುಗಳು ಮೊದಲ ಬಾರಿಗೆ ತಮ್ಮ ಲಾರಿಯನ್ನು ಆಚೆ ಬದಿಯ ಬಾಗಿಲಿನಿಂದ ಹತ್ತಿದರು. ಬಾಮೈದ ಸೀಟು ಸರಿಮಾಡಿಕೊಂಡು ಕನ್ನಡಿ ತಿರುಗಿಸಿದ.

"ಬೇಜಾರಾಗ್ಬೇಡಿ ಭಾವ. ಸುಮ್ನೆ ನನ್ನ ಕೈಕಾಲು ನೋಡ್ತಾ ಇರಿ."

ಗುರುಗಳು ನೋಡಿದರು. ಅವನು ಹ್ಯಾಂಡ್ ಬ್ರೇಕ್ ಬಿಡದೆಯೇ ಕ್ಲಚ್ ಬಿಟ್ಟ. ಲಾರಿ ಒಮ್ಮೆ ಮುಗ್ಗರಿಸಿ ನಿಂತಿತು. ಗುರುಗಳು ಬಾಯಿ ತೆರೆದರು. ಕಲಿಯುವವನು ಚಾಲಕನಿಗೆ ಸಲಹೆ ಕೊಡತಕ್ಕದ್ದಲ್ಲ ಎಂಬುದು ಹನ್ನೆರಡನೇ ಷರತ್ತು. ಅದು ನೆನಪಾಗಿ, ಬಾಯಿ ಮುಚ್ಚಿಕೊಂಡರು.