ಮಾನ್ವಿಯ ಗಡ್ಡೆ, ದೇವದುರ್ಗದ ಅನುಮಾನ

ನಮ್ಮ ರಾಯಚೂರು ಕಡೆ ಸರಕಾರಿ ಮನುಷ್ಯ ಬಾಗಿಲಿಗೆ ಬಂದರೆ ನೀರಿನ ತಂಬಿಗೆಗಿಂತ ಮೊದಲು ಅನುಮಾನ ಹೊರಗೆ ಬರುತ್ತದೆ. ಎಂಬತ್ತರ ದಶಕದಲ್ಲಿ ಆಸ್ಪತ್ರೆಯ ಲ್ಯಾಬಿನಲ್ಲಿದ್ದ ನನಗೆ ಅದು ರೂಢಿಯಾಗಿಹೋಗಿತ್ತು. ಆದರೂ ಮಾನ್ವಿಯ ಹೆಣ್ಣುಮಗಳೊಬ್ಬಳ ಲಿವರಿನ ಗಡ್ಡೆ ಎಬ್ಬಿಸಿದಷ್ಟು ಅನುಮಾನ ನಾನು ಮತ್ತೆ ಕಂಡಿಲ್ಲ.

ಗಡ್ಡೆ ಕ್ಯಾನ್ಸರಿನದು. ಹೆತ್ತವರಿಂದ ಮಕ್ಕಳಿಗೆ ಬರುತ್ತವಲ್ಲ, ಆ ವರ್ಣತಂತುಗಳು ಗಡ್ಡೆಯ ಕಣಗಳೊಳಗೆ ಕೆಟ್ಟಿವೆಯೇ ಎಂದು ಹೈದರಾಬಾದಿನಲ್ಲಿ ನೋಡುವವರಿದ್ದರು. ಆಕೆಗೆ ತನ್ನ ಜೀವಕ್ಕಿಂತ ಮಗಳ ಚಿಂತೆ. "ಯಪ್ಪಾ, ದೇವದುರ್ಗದಾಗ ಲಗ್ನ ನಿಶ್ಚಯ ಆಗ್ಯಾದ. ಗಂಡಿನವ್ರಿಗಿ ಗೊತ್ತಾದ್ರ ಮುರೀತದ. ನಾ ಇರೋದ್ರಾಗ ಅಕ್ಕಿಕಾಳು ಹಾಕಬೇಕು," ಎಂದಳು.

ಬೂಷ್ಟು ಹಿಡಿದ ಶೇಂಗಾ

ಬೂಷ್ಟು ಹಿಡಿದ ಶೇಂಗಾ ತಿಂದರೂ ಲಿವರ್ ಕೆಡುತ್ತದೆಂದು ಡಾಕ್ಟರು ಆಕೆಯ ಮನೆಗೆ ನನ್ನನ್ನು ಕಳಿಸಿದರು. ಗಂಡನದು ಕಿರಾಣಿ ಅಂಗಡಿ.

"ಬೂಷ್ಟು ಹಿಡಿದದ್ದು ಒಂದು ಹಿಡಿ ಕೊಡ್ರಿ," ಎಂದೆ.

"ನಮ್ಮ ಅಂಗಡ್ಯಾಗ ಬೂಷ್ಟಾ? ಯಾರು ಚಾಡಿ ಹೇಳಿದ್ರು?"

"ನಾ ಆಸ್ಪತ್ರಿಯವ್ನರೀ."

"ಕಲಬೆರಕಿ ಹಿಡಿಯಾಕ ಬಂದವ್ರೂ ಮೊದಲು ಹಂಗಾ ಅಂದಿದ್ರು!"

ಕಾಳು ಕಾಳು ಆರಿಸಿ, ಹುರಿದು, ಮೇಲೆ ಬೆಲ್ಲ ಇಟ್ಟು ಕಟ್ಟಿಕೊಟ್ಟ. ಆಸ್ಪತ್ರೆಗೆ ತಂದುಕೊಟ್ಟರೆ, ಬೂಷ್ಟೆಲ್ಲಿ ಎಂದು ನನ್ನನ್ನು ಕೇಳುವಷ್ಟರಲ್ಲಿ ಡಾಕ್ಟರು ಅರ್ಧ ಸ್ಯಾಂಪಲ್ ತಿಂದಿದ್ದರು.

ಫ್ಲಾಸ್ಕು

ಗಡ್ಡೆಯ ಚೂರನ್ನು ಬಾಟಲಿಯಲ್ಲಿ ಹಾಕಿ, ಬಾಟಲಿಯನ್ನು ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ಹೈದರಾಬಾದ್ ಬಸ್ಸು ಹತ್ತಿದೆ. ಪಕ್ಕದ ಬಟ್ಟೆ ವ್ಯಾಪಾರಿ ಫ್ಲಾಸ್ಕನ್ನೇ ನೋಡುತ್ತಿದ್ದ.

"ತಾನೂ ಕುಡಿಯಂಗಿಲ್ಲ, ಮಂದಿಗೂ ಕೊಡಂಗಿಲ್ಲ. ಎಂಥಾ ಚಾ ರೀ ಅದು?"

"ಚಾ ಅಲ್ರೀ."

"ಹಂಗಾದ್ರ ದಾರು. ಕಂಡಕ್ಟರ್ ಸಾಬ್!"

ಕಂಡಕ್ಟರ್ ಬಂದು ಬಿಚ್ಚೆಂದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಮೇಲೆ ಮೂರು ಜನರ ಸೀಟಿನಲ್ಲಿ ಕಾಲು ಚಾಚಿ ಮಲಗಿ ಹೈದರಾಬಾದ್ ಮುಟ್ಟಿದೆ.

ಗಂಡಿನ ತಂದೆ

ಗಡ್ಡೆಯ ವರ್ಣತಂತು ಕೆಟ್ಟಿವೆ ಎಂದು ವರದಿ ಬಂತು. ಸುದ್ದಿ ಹೇಗೋ ದೇವದುರ್ಗ ಮುಟ್ಟಿತು. ಗಂಡಿನ ತಂದೆ ಲ್ಯಾಬಿಗೆ ಬಂದು ಬಾಗಿಲು ಮುಂದೆ ಮಾಡಿದ.

"ಖರೇ ಹೇಳ್ರಿ. ಆ ಹೆಣ್ಮಗಳ ವಂಶಾನಾ ಕೆಟ್ಟದಂತ. ಅಂಥಾ ಹುಡುಗಿ ನಮ್ಮನಿಗಿ ಬ್ಯಾಡ."

"ಕೆಟ್ಟಿದ್ದು ಗಡ್ಡ್ಯಾಗ ಅಷ್ಟೇ ರೀ. ಮಕ್ಕಳಿಗಿ ಹೋಗಂಗಿಲ್ಲ."

"ನೀವು ಅವ್ರ ಕಡಿಯವ್ರು. ಹಂಗಾ ಹೇಳ್ತೀರಿ."

ನನಗೆ ಸಿಟ್ಟು ಬಂತು. ನಮ್ಮ ಕಡೆ ಸಂಬಂಧದೊಳಗೇ ಹೆಣ್ಣು ತರುವುದು ಹೆಚ್ಚು. "ಆಕಿ ನಿಮಗೇನಾಗಬೇಕ್ರಿ?"

"ನಮ್ಮ ಅಕ್ಕಾರಿ. ಒಡಹುಟ್ಟಿದಾಕಿ."

"ಹಂಗಾದ್ರ ವಂಶ ನಿಮ್ದೂ ಅದಾ ಆತು! ತೋಳು ಏರ್ಸ್ರಿ, ನಿಮ್ಮ ರಕ್ತಾನೂ ನೋಡೋಣು," ಎಂದು ಸಿರಿಂಜು ಕೈಗೆತ್ತಿಕೊಂಡೆ.

ಆತ ಅಂಗಿಯ ತೋಳನ್ನು ಮುಂಗೈತನಕ ಎಳೆದುಕೊಂಡ. "ಗಡ್ಡ್ಯಾಗ ಅಷ್ಟೇ ಅಂತ ನೀವಾ ಹೇಳಿದ್ರೆಲ್ಲ? ಕಲಿತವ್ರ ಮಾತು ಸುಳ್ಳಾಗ್ತದೇನು?"

ಲಗ್ನ ಆಯಿತು. ನಿಲ್ಲಲೂ ಆಗದ ಆಕೆ ಗಂಡನ ತೋಳು ಹಿಡಿದು ಮಗಳ ತಲೆಗೆ ಅಕ್ಕಿಕಾಳು ಹಾಕಿದ್ದನ್ನು ನೋಡಿ ನನ್ನ ಕಣ್ಣು ತುಂಬಿದವು. ಗಂಡಿನ ತಂದೆ ತಾನೇ ಬಂದು ಬರ್ರಿ ಬರ್ರಿ ಎಂದು ನನ್ನನ್ನು ಊಟಕ್ಕೆ ಕರೆದ. ಎಲೆ ಮುಂದೆ ಕೂಡಿಸುವ ಮೊದಲು ಮಾತ್ರ ನನ್ನ ಚೀಲವನ್ನು ಹೊರಗಿನಿಂದಲೇ ಒತ್ತಿ ಒತ್ತಿ ನೋಡಿ, ಕಿವಿಯಲ್ಲಿ ಕೇಳಿದ:

"ಸೂಜಿಗೀಜಿ ಏನೂ ತಂದಿಲ್ಲ, ಹೌದಿಲ್ರಿ?"